ಆಡಿದ ಐವರೂ ಹೋದರು: ಡ್ಯೂಕ್ ಕಾಲೇಜಿನ ಹೊಸ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಯಾರ್ಯಾರಿದ್ದಾರೆ? ಇಲ್ಲಿದೆ ಪೂರ್ತಿ ಮಾಹಿತಿ

2025ರ ಏಪ್ರಿಲ್ 5, ಅಮೆರಿಕದ ಸ್ಯಾನ್ ಆಂಟೊನಿಯೊ ನಗರ. ಕಾಲೇಜು ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ ಡ್ಯೂಕ್ ತಂಡ ಹ್ಯೂಸ್ಟನ್ ವಿರುದ್ಧ ಒಂದು ಹಂತದಲ್ಲಿ 14 ಅಂಕ ಮುಂದಿತ್ತು. ಪಂದ್ಯ ಮುಗಿಯೋಕೆ 40 ಸೆಕೆಂಡ್‌ಗಿಂತ ಕಡಿಮೆ ಇದ್ದಾಗಲೂ 6 ಅಂಕ ಮುಂದೆ. ಎಲ್ಲರೂ ಗೆದ್ದೇಬಿಟ್ರು ಅಂದುಕೊಂಡಿದ್ದರು. ಕೊನೆಗೆ ಸ್ಕೋರ್ ಬೋರ್ಡ್ ತೋರಿಸಿದ್ದು ಹ್ಯೂಸ್ಟನ್ 70, ಡ್ಯೂಕ್ 67.

ಆ ರಾತ್ರಿ ಡ್ಯೂಕ್ ಪರ ಪಂದ್ಯ ಶುರು ಮಾಡಿದ ಐವರು ಆಟಗಾರರಲ್ಲಿ ಒಬ್ಬರೂ ಈಗ ಆ ಕಾಲೇಜಿನಲ್ಲಿಲ್ಲ. ಐವರೂ ಜೂನ್‌ನಲ್ಲಿ ನಡೆದ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿ ವೃತ್ತಿಪರ ಆಟಗಾರರಾದರು. ಆದ್ರೂ ಹೊಸ ಸೀಸನ್ ಶುರುವಾಗೋ ಮೊದಲೇ ಅಸೋಸಿಯೇಟೆಡ್ ಪ್ರೆಸ್ ರ್‍ಯಾಂಕಿಂಗ್‌ನಲ್ಲಿ ಡ್ಯೂಕ್‌ಗೆ ದೇಶಕ್ಕೇ 6ನೇ ಸ್ಥಾನ ಸಿಕ್ಕಿದೆ. ಐದಕ್ಕೆ ಐದೂ ಖಾಲಿಯಾದ ತಂಡ ಆರೇ ತಿಂಗಳಲ್ಲಿ ಮತ್ತೆ ತುಂಬಿದ್ದು ಹೇಗೆ? ಬಂದವರು ಯಾರು, ಉಳಿದವರು ಯಾರು? ನವೆಂಬರ್ 4ರಂದು ಮೊದಲ ಪಂದ್ಯ. ಅದಕ್ಕೂ ಮುಂಚೆ ಒಂದೊಂದಾಗಿ ನೋಡೋಣ.

ಮೊದಲು ಈ ಆಟದ ಲೆಕ್ಕಾಚಾರ

ನಮ್ಮ ಕಡೆ ಕಾಲೇಜು ಟೀಂ ಅಂದ್ರೆ ಪಿಟಿ ಮೇಷ್ಟ್ರು ಜುಲೈ, ಆಗಸ್ಟ್‌ನಲ್ಲಿ ಆಯ್ಕೆ ಮಾಡೋ ಹನ್ನೆರಡು ಜನ. ಅಂತರ ಕಾಲೇಜು ಟೂರ್ನಿ, ಅಲ್ಲಿ ಚೆನ್ನಾಗಿ ಆಡಿದ್ರೆ ಯೂನಿವರ್ಸಿಟಿ ಟೀಂ, ಆಮೇಲೆ ದಕ್ಷಿಣ ವಲಯ. ಪ್ರೇಕ್ಷಕರು ಅಂದ್ರೆ ಕ್ಲಾಸ್ ತಪ್ಪಿಸಿ ಬಂದ ಸ್ನೇಹಿತರು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅನ್ನೋದು ಟಿವಿಯಲ್ಲಿ ಕೋಟ್ಯಂತರ ಜನ ನೋಡೋ, ಸಾವಿರಾರು ಕೋಟಿ ವ್ಯವಹಾರದ ಆಟ.

ಎನ್‌ಸಿಎಎ ಅನ್ನೋ ಸಂಸ್ಥೆ ಇದನ್ನು ನಡೆಸುತ್ತದೆ. ಇದರ ಮೊದಲ ದರ್ಜೆ, ಅಂದ್ರೆ ಡಿವಿಷನ್ 1ರಲ್ಲಿ 360ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ನವೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗೆ ಸಾಮಾನ್ಯ ಪಂದ್ಯಗಳು. ಆಮೇಲೆ 68 ತಂಡಗಳ ನಾಕೌಟ್ ಟೂರ್ನಿ. ಒಂದು ಪಂದ್ಯ ಸೋತ್ರೆ ಮನೆಗೆ. ಇದಕ್ಕೇ ಅಲ್ಲಿನವರು 'ಮಾರ್ಚ್ ಮ್ಯಾಡ್ನೆಸ್' ಅಂತಾರೆ. ಕೊನೆಗೆ ಉಳಿಯೋ ನಾಲ್ಕು ತಂಡಗಳೇ 'ಫೈನಲ್ ಫೋರ್'. ಈ ಸೀಸನ್‌ನ ಫೈನಲ್ ಫೋರ್ 2026ರ ಏಪ್ರಿಲ್ 4 ಮತ್ತು 6ರಂದು ಇಂಡಿಯಾನಾಪೊಲಿಸ್‌ನಲ್ಲಿ.

ಆಟದ ನಿಯಮದಲ್ಲೂ ಸ್ವಲ್ಪ ವ್ಯತ್ಯಾಸ ಇದೆ. ನಮ್ಮಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್ ಆಡಿದರೆ, ಅಲ್ಲಿ ಪುರುಷರ ಕಾಲೇಜು ಪಂದ್ಯ 20 ನಿಮಿಷದ ಎರಡು ಅವಧಿ. ನಮ್ಮಲ್ಲಿ 24 ಸೆಕೆಂಡ್ ಒಳಗೆ ಶಾಟ್ ಹೊಡೀಬೇಕು, ಅಲ್ಲಿ 30 ಸೆಕೆಂಡ್ ಸಮಯ. ಅಂಗಳಕ್ಕೆ ಇಳಿಯೋದು ಐವರೇ. ಐದು ಫೌಲ್ ಆದ್ರೆ ಹೊರಗೆ.

ಡ್ಯೂಕ್ ಅಂದ್ರೆ ಯಾವುದು?

ಡ್ಯೂಕ್ ನಾರ್ತ್ ಕೆರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿರೋ ಖಾಸಗಿ ವಿಶ್ವವಿದ್ಯಾಲಯ. ಪಕ್ಕದ ರಾಲಿ, ಕ್ಯಾರಿ ಊರುಗಳಲ್ಲಿ ಸಾಫ್ಟ್‌ವೇರ್, ಔಷಧ ಕಂಪನಿಗಳಲ್ಲಿ ಕೆಲಸ ಮಾಡೋ ಕನ್ನಡಿಗರು ಸಾಕಷ್ಟಿದ್ದಾರೆ. ನಮ್ಮ ಓದುಗರಲ್ಲೂ ಕೆಲವರಿಗೆ ಅಣ್ಣನೋ ಅಕ್ಕನೋ ಆ ಕಡೆ ಇರಬಹುದು.

ಡ್ಯೂಕ್ ಆಡೋ ಕ್ಯಾಮರಾನ್ ಒಳಾಂಗಣ ಕ್ರೀಡಾಂಗಣ ಶುರುವಾಗಿದ್ದು 1940ರಲ್ಲಿ. ಹಿಡಿಯೋದು 9,314 ಜನ ಮಾತ್ರ. ದೊಡ್ಡ ಪಂದ್ಯದ ಟಿಕೆಟ್‌ಗಾಗಿ ವಿದ್ಯಾರ್ಥಿಗಳು ಚಳಿಯಲ್ಲೇ ಹೊರಗೆ ಟೆಂಟ್ ಹಾಕಿಕೊಂಡು ವಾರಗಟ್ಟಲೆ ಮಲಗ್ತಾರೆ. ಮೈಕ್ ಶಶೆಫ್‌ಸ್ಕಿ ಅನ್ನೋ ಕೋಚ್ 1980ರಿಂದ 2022ರವರೆಗೆ, ಅಂದ್ರೆ 42 ವರ್ಷ ಇಲ್ಲಿದ್ದರು. 1991, 1992, 2001, 2010, 2015, ಹೀಗೆ ಐದು ಸಲ ರಾಷ್ಟ್ರೀಯ ಚಾಂಪಿಯನ್.

ಈಗಿನ ಕೋಚ್ ಜಾನ್ ಶಾಯರ್. ವಯಸ್ಸು 38. ಇವರು 2010ರಲ್ಲಿ ಕಪ್ ಗೆದ್ದ ಇದೇ ಡ್ಯೂಕ್ ತಂಡದ ಆಟಗಾರ. 2022ರಲ್ಲಿ ಗುರುವಿನ ಜಾಗಕ್ಕೆ ಬಂದರು. ಮೊದಲ ವರ್ಷ ಎನ್‌ಸಿಎಎ ಟೂರ್ನಿಯ ಎರಡನೇ ಸುತ್ತು, ಎರಡನೇ ವರ್ಷ ಕೊನೆಯ ಎಂಟು, ಮೂರನೇ ವರ್ಷ ಕೊನೆಯ ನಾಲ್ಕು. ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬಂದಿದ್ದಾರೆ. ಬಾಕಿ ಇರೋದು ಕಪ್ ಮಾತ್ರ.

ಹೋದವರು: 63 ಅಂಕದ ಖಾಲಿ ಜಾಗ

ಕಳೆದ ಸೀಸನ್‌ನಲ್ಲಿ ಡ್ಯೂಕ್ ಆಡಿದ್ದು 39 ಪಂದ್ಯ. ಗೆದ್ದಿದ್ದು 35, ಸೋತಿದ್ದು 4. ಆ ತಂಡದಿಂದ ಎನ್‌ಬಿಎಗೆ ಹೋದವರು ಇವರು:

ಕೂಪರ್ ಫ್ಲ್ಯಾಗ್: ಡ್ರಾಫ್ಟ್‌ನಲ್ಲಿ 1ನೇ ಆಯ್ಕೆ, ಡಲ್ಲಾಸ್ ತಂಡಕ್ಕೆ. ಪಂದ್ಯಕ್ಕೆ ಸರಾಸರಿ 19.2 ಅಂಕ. ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಪ್ರಶಸ್ತಿ.

ಕಾನ್ ಕನಿಪಲ್: 4ನೇ ಆಯ್ಕೆ, ಶಾರ್ಲೆಟ್ ತಂಡ. ಸರಾಸರಿ 14.4.

ಖಮನ್ ಮಲುವಾಚ್: 10ನೇ ಆಯ್ಕೆ, ಸೇರಿದ್ದು ಫೀನಿಕ್ಸ್ ತಂಡಕ್ಕೆ. ದಕ್ಷಿಣ ಸುಡಾನ್‌ನ 7 ಅಡಿ 2 ಇಂಚಿನ ಹುಡುಗ. ಸರಾಸರಿ 8.6.

ಸಿಯಾನ್ ಜೇಮ್ಸ್: 33ನೇ ಆಯ್ಕೆ, ಇವನೂ ಶಾರ್ಲೆಟ್‌ಗೆ. ಸರಾಸರಿ 8.6.

ಟೈರೀಸ್ ಪ್ರಾಕ್ಟರ್: 49ನೇ ಆಯ್ಕೆ, ಕ್ಲೀವ್‌ಲ್ಯಾಂಡ್ ತಂಡ. ಆಸ್ಟ್ರೇಲಿಯಾದವನು. ಮೂರು ವರ್ಷ ಡ್ಯೂಕ್‌ನಲ್ಲೇ ಇದ್ದ. ಸರಾಸರಿ 12.4.

ಕೂಡಿಸಿ ನೋಡಿ, ಪಂದ್ಯಕ್ಕೆ ಸುಮಾರು 63 ಅಂಕ. ಅಷ್ಟೂ ಒಂದೇ ಬೇಸಿಗೆಯಲ್ಲಿ ಖಾಲಿ. ಇವರ ಜೊತೆ ಬೆಂಚಿನಿಂದ ಬಂದು ಆಡ್ತಿದ್ದ ಹಿರಿಯ ಮೇಸನ್ ಗಿಲ್ಲಿಸ್‌ನ ಕಾಲೇಜು ಅವಧಿಯೂ ಮುಗಿದಿದೆ.

ಯಾಕೆ ಹೀಗೆ ಹೋಗ್ತಾರೆ?

ಇದಕ್ಕೆ ಮೂರು ಕಾರಣ. ಇವು ಗೊತ್ತಿದ್ರೆ ಅಮೆರಿಕದ ಯಾವ ಕಾಲೇಜು ತಂಡದ ಪಟ್ಟಿ ನೋಡಿದ್ರೂ ಅರ್ಥ ಆಗುತ್ತೆ.

ಒಂದು, ವಯಸ್ಸಿನ ನಿಯಮ. 2006ರ ಡ್ರಾಫ್ಟ್‌ನಿಂದ ಎನ್‌ಬಿಎ ಒಂದು ಷರತ್ತು ಹಾಕಿದೆ. ಡ್ರಾಫ್ಟ್ ನಡೆಯೋ ವರ್ಷದಲ್ಲಿ ಆಟಗಾರನಿಗೆ 19 ತುಂಬಬೇಕು, ಅಮೆರಿಕದವನಾದ್ರೆ ಹೈಸ್ಕೂಲ್ ಮುಗಿದು ಒಂದು ವರ್ಷ ಆಗಿರಬೇಕು. ಹಾಗಾಗಿ ತುಂಬಾ ಪ್ರತಿಭೆ ಇರೋ ಹುಡುಗರು ಆ ಒಂದು ವರ್ಷ ಕಳೆಯೋಕೆ ಕಾಲೇಜಿಗೆ ಬರ್ತಾರೆ. ಆಡ್ತಾರೆ, ಹೋಗ್ತಾರೆ. ಡ್ಯೂಕ್ ಇಂಥ ಹುಡುಗರಿಗೆ ಹೆಸರುವಾಸಿ.

ಎರಡು, ವರ್ಗಾವಣೆ. ಮೊದಲೆಲ್ಲ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿದ್ರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ತೆಗೆದರು. 2024ರಿಂದ ಓದಿನಲ್ಲಿ ಪಾಸಾಗಿದ್ರೆ ಎಷ್ಟು ಸಲ ಬೇಕಾದ್ರೂ ಹೋಗಬಹುದು. 'ಟ್ರಾನ್ಸ್‌ಫರ್ ಪೋರ್ಟಲ್' ಅನ್ನೋ ಪಟ್ಟಿಗೆ ಹೆಸರು ಹಾಕಿದ್ರೆ ಸಾಕು, ಬೇರೆ ಕೋಚ್‌ಗಳು ಫೋನ್ ಮಾಡೋಕೆ ಶುರು.

ಮೂರು, ದುಡ್ಡು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೊ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. ಈ ವರ್ಷ ಜೂನ್ 6ರಂದು ಕೋರ್ಟ್ ಇನ್ನೊಂದು ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಪ್ರಕಾರ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ 2 ಕೋಟಿ 5 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 180 ಕೋಟಿ ರೂಪಾಯಿ. ಇದೇ ಒಪ್ಪಂದದಿಂದ ಬ್ಯಾಸ್ಕೆಟ್‌ಬಾಲ್ ತಂಡದ ಗಾತ್ರವೂ ಬದಲಾಗಿದೆ. ಮೊದಲು 13 ಸ್ಕಾಲರ್‌ಶಿಪ್ ಇತ್ತು, ಈಗ ತಂಡದಲ್ಲಿ 15 ಜನಕ್ಕೆ ಅವಕಾಶ.

ಈ ಮೂರೂ ಸೇರಿ ಏನಾಗಿದೆ ಅಂದ್ರೆ, ಪ್ರತಿ ವರ್ಷ ಏಪ್ರಿಲ್‌ನಲ್ಲಿ ತಂಡ ಒಡೆಯುತ್ತೆ, ಅಕ್ಟೋಬರ್ ಹೊತ್ತಿಗೆ ಹೊಸದಾಗಿ ಕಟ್ಟಬೇಕು.

ಉಳಿದವರು: ಇವರ ಮೇಲೇ ಎಲ್ಲ ನಿಂತಿದೆ

ಹೊಸ ಹುಡುಗರ ಬಗ್ಗೆ ಎಲ್ಲರೂ ಬರೀತಾರೆ. ಆದ್ರೆ ಈ ತಂಡದ ಹಣೆಬರಹ ಬರೆಯೋದು ಉಳಿದುಕೊಂಡ ಐದು ಜನ ಅನ್ನೋದು ನಮ್ಮ ಲೆಕ್ಕ.

ಕೇಲೆಬ್ ಫಾಸ್ಟರ್ (ಗಾರ್ಡ್, 6 ಅಡಿ 5 ಇಂಚು, ಮೂರನೇ ವರ್ಷ): ನಾರ್ತ್ ಕೆರೊಲಿನಾದವನೇ. ಮೊದಲ ವರ್ಷ ಸರಾಸರಿ 7.7 ಅಂಕ ಹೊಡೆದ, ಕಾಲಿನ ಗಾಯದಿಂದ ಸೀಸನ್ ಅರ್ಧಕ್ಕೇ ನಿಂತಿತು. ಎರಡನೇ ವರ್ಷ ಶುರುವಿನಲ್ಲಿ ಮೊದಲ ಐವರಲ್ಲಿದ್ದ, ಆಮೇಲೆ ಆ ಜಾಗ ಸಿಯಾನ್ ಜೇಮ್ಸ್ ಪಾಲಾಯಿತು. ಸರಾಸರಿ 4.9ಕ್ಕೆ ಇಳೀತು. ಇಂಥ ಸ್ಥಿತಿಯಲ್ಲಿ ಹೆಚ್ಚಿನವರು ಪೋರ್ಟಲ್‌ಗೆ ಹೆಸರು ಕೊಟ್ಟು ಬೇರೆ ಕಾಲೇಜಿಗೆ ಹೊರಡ್ತಾರೆ. ಇವನು ಹೋಗಲಿಲ್ಲ. ಈಗ ಚೆಂಡು ತೆಗೆದುಕೊಂಡು ಹೋಗಿ ಆಟ ಕಟ್ಟೋ ಕೆಲಸ ಇವನದ್ದೇ.

ಐಸಾಯಾ ಎವನ್ಸ್ (ಗಾರ್ಡ್, 6 ಅಡಿ 6 ಇಂಚು, ಎರಡನೇ ವರ್ಷ): ತೆಳ್ಳಗಿನ ಮೈ, ಕೈಯಲ್ಲಿ ಗುರಿ. ಕಳೆದ ವರ್ಷ ಬೆಂಚಿನಿಂದ ಬಂದು ಸರಾಸರಿ 6.8 ಅಂಕ. ಮೂರು ಅಂಕದ ಶಾಟ್‌ಗಳಲ್ಲಿ ನೂರಕ್ಕೆ 41ಕ್ಕಿಂತ ಹೆಚ್ಚು ಬುಟ್ಟಿಗೆ ಬಿದ್ದಿವೆ. 2024ರ ಡಿಸೆಂಬರ್‌ನಲ್ಲಿ ಆಗ 2ನೇ ರ್‍ಯಾಂಕ್‌ನಲ್ಲಿದ್ದ ಆಬರ್ನ್ ವಿರುದ್ಧ ಆರು ತ್ರೀ-ಪಾಯಿಂಟರ್ ಹೊಡೆದು 18 ಅಂಕ ಗಳಿಸಿದ್ದ. ಆ ಪಂದ್ಯ ಡ್ಯೂಕ್ 84-78ರಿಂದ ಗೆದ್ದಿತ್ತು. ಈ ಸಲ ಬೆಂಚಲ್ಲ, ಮೊದಲಿಂದಲೇ ಆಡ್ತಾನೆ. ಹತ್ತು ನಿಮಿಷ ಗುರಿ ಇಟ್ಟು ಹೊಡೆಯೋದು ಬೇರೆ, ಮೂವತ್ತು ನಿಮಿಷ ಎದುರಾಳಿಯನ್ನು ಕಾಯುತ್ತಾ ಹೊಡೆಯೋದು ಬೇರೆ. ಅವನ ಪರೀಕ್ಷೆ ಅದೇ.

ಪ್ಯಾಟ್ರಿಕ್ ಎನ್‌ಗೊಂಗ್ಬಾ (ಸೆಂಟರ್, 6 ಅಡಿ 11 ಇಂಚು, ಎರಡನೇ ವರ್ಷ): ಮೊದಲ ವರ್ಷ ಸರಾಸರಿ 3.9 ಅಂಕ ಮಾತ್ರ. ಆದ್ರೆ ಸೀಸನ್ ಕೊನೆಗೆ ಬರ್ತಾ ಬರ್ತಾ ಕೋಚ್‌ಗೆ ಇವನ ಮೇಲೆ ನಂಬಿಕೆ ಬಂತು. ಬುಟ್ಟಿಗೆ ಬೆನ್ನು ಹಾಕಿ ನಿಂತು ಸಹ ಆಟಗಾರನಿಗೆ ಪಾಸ್ ಕೊಡೋದರಲ್ಲಿ ಜಾಣ. ಮಲುವಾಚ್ ಬಿಟ್ಟುಹೋದ ಜಾಗ ಇವನದ್ದು.

ಮಲೀಕ್ ಬ್ರೌನ್ (ಫಾರ್ವರ್ಡ್, ಕೊನೆಯ ವರ್ಷ): ಸಿರಾಕ್ಯೂಸ್ ಕಾಲೇಜಿನಲ್ಲಿ ಎರಡು ವರ್ಷ ಆಡಿ ಡ್ಯೂಕ್‌ಗೆ ಬಂದವನು. ಅಂಕ ಹೊಡೆಯೋದು ಕಡಿಮೆ. ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳೋದರಲ್ಲಿ ಎತ್ತಿದ ಕೈ. ಕಳೆದ ಸಲ ಭುಜದ ಗಾಯದಿಂದ ಹಲವು ಪಂದ್ಯ ತಪ್ಪಿದವು. ಈ ತಂಡದ ಹಿರಿಯಣ್ಣ ಇವನೇ.

ಡ್ಯಾರೆನ್ ಹ್ಯಾರಿಸ್ (ಗಾರ್ಡ್, ಎರಡನೇ ವರ್ಷ): ದೂರದಿಂದ ಶಾಟ್ ಹೊಡೆಯೋ ಹುಡುಗ. ಕಳೆದ ವರ್ಷ ಹೆಚ್ಚು ಅವಕಾಶ ಸಿಗಲಿಲ್ಲ. ಎನ್‌ಗೊಂಗ್ಬಾ ಜೊತೆ ಒಂದೇ ಹೈಸ್ಕೂಲಿನಲ್ಲಿ ಆಡಿದವನು.

ಫಾಸ್ಟರ್, ಎವನ್ಸ್, ಎನ್‌ಗೊಂಗ್ಬಾ ಮೂವರ ಕಳೆದ ವರ್ಷದ ಸರಾಸರಿ ಕೂಡಿಸಿದ್ರೂ 16 ಅಂಕ ದಾಟಲ್ಲ. ಬೇಕಾಗಿರೋದು 63. ಉಳಿದದ್ದು ಎಲ್ಲಿಂದ ಬರಬೇಕು? ಅಲ್ಲಿಗೇ ಹೊಸಬರ ಕಥೆ ಬರುತ್ತೆ.

ಹೊಸಬರು: ಅವಳಿ ಸಹೋದರರು, ಒಬ್ಬ ಇಟಲಿಯವನು

ಕ್ಯಾಮರಾನ್ ಬೂಜರ್ (ಫಾರ್ವರ್ಡ್, 6 ಅಡಿ 9 ಇಂಚು): ಈ ಸೀಸನ್‌ನಲ್ಲಿ ಇಡೀ ಅಮೆರಿಕ ಕಣ್ಣಿಟ್ಟಿರೋ ಹುಡುಗರಲ್ಲಿ ಒಬ್ಬ. ಮಯಾಮಿಯ ಕೊಲಂಬಸ್ ಹೈಸ್ಕೂಲ್. ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರ ಅಂತ ಗೇಟರೇಡ್ ಪ್ರಶಸ್ತಿ ಎರಡು ಸಲ ಬಂದಿದೆ. 2024ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅಮೆರಿಕ ಚಿನ್ನ ಗೆದ್ದಾಗ ಇವನೇ ಟೂರ್ನಿಯ ಶ್ರೇಷ್ಠ ಆಟಗಾರ. ಫ್ಲ್ಯಾಗ್ ಥರ ಹಾರಿ ಹಾರಿ ಆಡೋನಲ್ಲ. ಮೈ ಕೊಟ್ಟು ಜಾಗ ಮಾಡಿಕೊಂಡು, ರಿಬೌಂಡ್ ಹಿಡಿದು, ಸರಿಯಾದ ಹೊತ್ತಿಗೆ ಪಾಸ್ ಕೊಡೋ ಲೆಕ್ಕದ ಆಟ.

ಕೇಡನ್ ಬೂಜರ್ (ಗಾರ್ಡ್, 6 ಅಡಿ 4 ಇಂಚು): ಕ್ಯಾಮರಾನ್‌ನ ಅವಳಿ. ಇಬ್ಬರೂ ಹುಟ್ಟಿದ್ದು 2007ರ ಜುಲೈ 18. ಅಣ್ಣ ತಮ್ಮ ಆದ್ರೂ ಎತ್ತರದಲ್ಲಿ ಐದು ಇಂಚು ವ್ಯತ್ಯಾಸ, ಆಟದಲ್ಲೂ ವ್ಯತ್ಯಾಸ. ಇವನು ಪಾಯಿಂಟ್ ಗಾರ್ಡ್, ಚೆಂಡು ಕಳೆದುಕೊಳ್ಳದೆ ಆಟ ನಡೆಸೋನು. ಫಾಸ್ಟರ್‌ಗೆ ಜೊತೆ ಅಥವಾ ಬದಲಿ.

ಈ ಇಬ್ಬರ ಅಪ್ಪ ಕಾರ್ಲೋಸ್ ಬೂಜರ್. 2001ರಲ್ಲಿ ಚಾಂಪಿಯನ್ ಆದ ಡ್ಯೂಕ್ ತಂಡದಲ್ಲಿದ್ದವರು, ಆಮೇಲೆ ಎನ್‌ಬಿಎ ಆಲ್‌ಸ್ಟಾರ್, 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನ. ಗಮನಿಸಬೇಕಾದ ಮಾತು ಏನಂದ್ರೆ, ಅಪ್ಪ ಡ್ಯೂಕ್‌ನಲ್ಲಿ ಮೂರು ವರ್ಷ ಆಡಿದ್ದರು. ಆದ್ರೂ 2002ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು 35ನೇ ಸ್ಥಾನ. ಕ್ಯಾಮರಾನ್ ಒಂದೇ ವರ್ಷಕ್ಕೆ ಹೊರಟು ಮೊದಲ ಕೆಲವು ಆಯ್ಕೆಗಳಲ್ಲೇ ಹೋಗ್ತಾನೆ ಅನ್ನೋದು ಎಲ್ಲರ ಅಂದಾಜು. ಹುಟ್ಟಿನಿಂದ ಒಂದೇ ತಂಡದಲ್ಲಿ ಆಡಿದ ಅವಳಿಗಳು ಒಟ್ಟಿಗೆ ಆಡೋ ಕೊನೆಯ ವರ್ಷವೂ ಇದೇ ಆಗಬಹುದು.

ಡಾಮೆ ಸಾರ್ (ಗಾರ್ಡ್/ಫಾರ್ವರ್ಡ್, 6 ಅಡಿ 8 ಇಂಚು): ಇಟಲಿಯ ಹುಡುಗ, 19 ವರ್ಷ. ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ನಲ್ಲಿ ಬೆಳೆದವನು. ಈ ಏಪ್ರಿಲ್‌ನಲ್ಲಿ ಅಮೆರಿಕದ ಪ್ರದರ್ಶನ ಪಂದ್ಯ ಆಡಲು ಕ್ಲಬ್ ಒಪ್ಪಿಗೆ ಇಲ್ಲದೇ ಹೊರಟ, ಅಲ್ಲಿಗೆ ಕ್ಲಬ್ ಜೊತೆಗಿನ ನಂಟು ಮುಗೀತು. ಮೇ ತಿಂಗಳಲ್ಲಿ ಡ್ಯೂಕ್ ಸೇರ್ತೀನಿ ಅಂದ. ಉದ್ದ ಕೈ, ಒಳ್ಳೆ ರಕ್ಷಣೆ. ಯುರೋಪಿನಲ್ಲಿ ದೊಡ್ಡವರ ಜೊತೆ ಆಡಿದ ಅನುಭವ ಇರೋದರಿಂದ ಹೊಸಬನಾದ್ರೂ ಹೆದರೋನಲ್ಲ.

ನಿಕೋಲಸ್ ಖಮೇನಿಯಾ (ಫಾರ್ವರ್ಡ್, 6 ಅಡಿ 8 ಇಂಚು): ಲಾಸ್ ಏಂಜಲೀಸ್ ಹುಡುಗ. ಈ ವರ್ಷ ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಅಮೆರಿಕ ತಂಡದಲ್ಲಿದ್ದ. ಎತ್ತರ ಫಾರ್ವರ್ಡ್‌ದು, ಪಾಸ್ ಮಾಡೋದು ಗಾರ್ಡ್ ಥರ. ಇಂಥವನು ಬೆಂಚಿನಲ್ಲಿದ್ರೆ ಕೋಚ್‌ಗೆ ನಿದ್ದೆ ಚೆನ್ನಾಗಿ ಬರುತ್ತೆ.

ಸೆಬಾಸ್ಟಿಯನ್ ವಿಲ್ಕಿನ್ಸ್ (ಫಾರ್ವರ್ಡ್, 6 ಅಡಿ 8 ಇಂಚು): 2026ರಲ್ಲಿ ಬರಬೇಕಿದ್ದವನು, ಒಂದು ವರ್ಷ ಮುಂಚೆಯೇ ಹೈಸ್ಕೂಲ್ ಮುಗಿಸಿ ಬಂದಿದ್ದಾನೆ. ಇವನಿಂದ ಈ ವರ್ಷಕ್ಕಿಂತ ಮುಂದಿನ ವರ್ಷಕ್ಕೆ ಹೆಚ್ಚು ನಿರೀಕ್ಷೆ.

ಇವರ ಜೊತೆಗೆ ಬೇರೆ ಕಾಲೇಜುಗಳಿಂದ ಇಬ್ಬರು ಬಂದಿದ್ದಾರೆ. ರೈಸ್ ಕಾಲೇಜಿನಿಂದ ನೈಜೀರಿಯಾ ಮೂಲದ ಎತ್ತರದ ಸೆಂಟರ್ ಇಫಿಯಾನಿ ಉಫೊಚುಕ್ವು, ಪ್ರಿನ್ಸ್‌ಟನ್‌ನಿಂದ ಗಾರ್ಡ್ ಜಾಕ್ ಸ್ಕಾಟ್. ದೊಡ್ಡ ಹೆಸರುಗಳಲ್ಲ. ಗಾಯ, ಫೌಲ್ ಸಮಸ್ಯೆ ಬಂದಾಗ ಬೇಕಾಗೋ ಜನ.

ಬರಬೇಕಿದ್ದು ಬಾರದವರು

ಪಟ್ಟಿಯಲ್ಲಿ ಹೆಸರಿದ್ದು ಕೈತಪ್ಪಿದವರೂ ಇಬ್ಬರಿದ್ದಾರೆ.

ಸೆಡ್ರಿಕ್ ಕವರ್ಡ್ ವಾಷಿಂಗ್ಟನ್ ಸ್ಟೇಟ್ ಕಾಲೇಜಿನಿಂದ ಡ್ಯೂಕ್‌ಗೆ ಬರ್ತೀನಿ ಅಂತ ಒಪ್ಪಿದ್ದ. ಜೊತೆಗೇ ಎನ್‌ಬಿಎ ಡ್ರಾಫ್ಟ್‌ಗೂ ಹೆಸರು ಕೊಟ್ಟಿದ್ದ. ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಗಳಲ್ಲಿ ಬೆಲೆ ಏರಿತು, ಕಾಲೇಜಿಗೆ ಬರಲೇ ಇಲ್ಲ. 11ನೇ ಆಯ್ಕೆಯಾಗಿ ಮೆಂಫಿಸ್ ತಂಡ ಸೇರಿದ. ಒಬ್ಬ ಅನುಭವಿ ಶೂಟರ್ ಹೀಗೆ ಕೈಬಿಟ್ಟ.

ಶೆಲ್ಟನ್ ಹೆಂಡರ್ಸನ್ ಹೈಸ್ಕೂಲಿನಿಂದ ಡ್ಯೂಕ್‌ಗೆ ಸಹಿ ಹಾಕಿದ್ದ. ಅಷ್ಟರಲ್ಲಿ ಡ್ಯೂಕ್‌ನ ಸಹಾಯಕ ಕೋಚ್ ಜೈ ಲೂಕಸ್ ಮಯಾಮಿ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು. ಹುಡುಗನೂ ಅವರ ಹಿಂದೆ ಹೋದ. ಮಯಾಮಿ, ಡ್ಯೂಕ್ ಎರಡೂ ಒಂದೇ ಗುಂಪಿನಲ್ಲಿ ಆಡೋ ತಂಡಗಳು ಅನ್ನೋದು ಇನ್ನೂ ಬಿಸಿ.

ಮೊದಲ ಐವರು ಯಾರಾಗಬಹುದು?

ನಮ್ಮ ಅಂದಾಜು ಹೀಗಿದೆ: ಫಾಸ್ಟರ್, ಎವನ್ಸ್, ಸಾರ್, ಕ್ಯಾಮರಾನ್ ಬೂಜರ್, ಎನ್‌ಗೊಂಗ್ಬಾ. ಬೆಂಚಿನಿಂದ ಮೊದಲು ಬರೋದು ಕೇಡನ್, ಬ್ರೌನ್, ಖಮೇನಿಯಾ.

ಬಲ ಏನು? ಎತ್ತರ. ಈ ಐವರಲ್ಲಿ ಯಾರೂ 6 ಅಡಿ 5 ಇಂಚಿಗೆ ಕಡಿಮೆ ಇಲ್ಲ. ರಕ್ಷಣೆಯಲ್ಲಿ ಒಬ್ಬರ ಎದುರಾಳಿಯನ್ನು ಇನ್ನೊಬ್ಬರು ಹಿಡಿಯಬಹುದು. ಬೂಜರ್ ಮತ್ತು ಎನ್‌ಗೊಂಗ್ಬಾ ಇಬ್ಬರೂ ಪಾಸ್ ಮಾಡಬಲ್ಲ ದೊಡ್ಡಾಳುಗಳು. ಬುಟ್ಟಿ ಹತ್ತಿರ ಇಬ್ಬರು ಸುತ್ತುವರಿದರೆ ಚೆಂಡು ಹೊರಗೆ ಎವನ್ಸ್ ಕೈಗೆ ಬರುತ್ತೆ.

ದೌರ್ಬಲ್ಯ ಏನು? ಚೆಂಡು ಇಟ್ಟುಕೊಂಡು ಎದುರಾಳಿಯನ್ನು ಒಬ್ಬನೇ ದಾಟಿ ಹೋಗೋ ಗಾರ್ಡ್ ಯಾರು ಅನ್ನೋದು. ಕಳೆದ ವರ್ಷ ಆಟ ಸಿಕ್ಕಿಹಾಕಿಕೊಂಡಾಗ ಚೆಂಡು ಫ್ಲ್ಯಾಗ್‌ಗೆ ಕೊಟ್ಟರೆ ಸಾಕಿತ್ತು. ಈಗ ಆ ಕೆಲಸ ಫಾಸ್ಟರ್ ಮತ್ತು 18 ವರ್ಷದ ಕೇಡನ್ ಹಂಚಿಕೊಳ್ಳಬೇಕು.

ಹಳಬರು ಯಾಕೆ ಮುಖ್ಯ? ಇತಿಹಾಸ ನೋಡಿ

2015ರಲ್ಲಿ ಡ್ಯೂಕ್ ಕಪ್ ಗೆದ್ದಾಗ ಹೊಸ ಹುಡುಗರದ್ದೇ ಹವಾ. ಆದ್ರೆ ಅವರ ಜೊತೆ ಕೊನೆಯ ವರ್ಷದ ಕ್ವಿನ್ ಕುಕ್ ಇದ್ದ. 2019ರಲ್ಲಿ ಜಿಯಾನ್ ವಿಲಿಯಮ್ಸನ್, ಆರ್.ಜೆ. ಬ್ಯಾರೆಟ್, ಕ್ಯಾಮ್ ರೆಡ್ಡಿಶ್ ಮೂವರೂ ಒಟ್ಟಿಗೆ ಬಂದರು. ಅಷ್ಟು ಪ್ರತಿಭೆ ಒಂದೇ ತಂಡದಲ್ಲಿ ಸಿಗೋದೇ ಅಪರೂಪ. ಆದ್ರೂ ಕೊನೆಯ ಎಂಟರ ಘಟ್ಟದಲ್ಲಿ ಮಿಷಿಗನ್ ಸ್ಟೇಟ್ ಎದುರು 68-67ರಲ್ಲಿ, ಒಂದೇ ಅಂಕದಿಂದ ಸೋತರು.

2015ರ ಆಚೆಗೆ ಕಪ್ ಎತ್ತಿದವರು ಹಳಬರನ್ನು ನಂಬಿದ ತಂಡಗಳೇ. ಈ ಸಲದ ಚಾಂಪಿಯನ್ ಫ್ಲೋರಿಡಾ ತಂಡದ ಹೀರೋ ವಾಲ್ಟರ್ ಕ್ಲೇಟನ್ ನಾಲ್ಕನೇ ವರ್ಷದ ಹುಡುಗ, ಅಯೋನಾ ಅನ್ನೋ ಚಿಕ್ಕ ಕಾಲೇಜಿನಿಂದ ಬಂದವನು.

ಇನ್ನು ಆ ಏಪ್ರಿಲ್ 5ರ ರಾತ್ರಿಗೇ ವಾಪಸ್ ಹೋಗೋಣ. ಡ್ಯೂಕ್‌ನ 18 ವರ್ಷದ ಫ್ಲ್ಯಾಗ್ 27 ಅಂಕ ಹೊಡೆದ. ಹ್ಯೂಸ್ಟನ್ ಪರ 26 ಅಂಕ ಹೊಡೆದ ಎಲ್.ಜೆ. ಕ್ರೈಯರ್ 2021ರಲ್ಲೇ ಬೇಲರ್ ತಂಡದ ಜೊತೆ ಕಪ್ ಗೆದ್ದು ಬಂದ ಹಳಬ. ಕೊನೆಯ 20 ಸೆಕೆಂಡಿನಲ್ಲಿ ಎರಡು ಫ್ರೀ ಥ್ರೋ ಹಾಕಿ ಹ್ಯೂಸ್ಟನ್‌ಗೆ ಮುನ್ನಡೆ ಕೊಟ್ಟ ಜೆವಾನ್ ರಾಬರ್ಟ್ಸ್ ಕೂಡ ವರ್ಷಗಟ್ಟಲೆ ಅದೇ ಕಾಲೇಜಿನಲ್ಲಿ ಬೆವರು ಸುರಿಸಿದವನು. ಪ್ರತಿಭೆಯಲ್ಲಿ ಡ್ಯೂಕ್ ಕಡಿಮೆ ಇರಲಿಲ್ಲ. ಆ ಕೊನೆಯ ನಿಮಿಷದಲ್ಲಿ ಕೈ ನಡುಗದೇ ಇದ್ದದ್ದು ಹಳಬರದ್ದು.

ಅದಕ್ಕೇ ಹೇಳಿದ್ದು, ಕ್ಯಾಮರಾನ್ ಬೂಜರ್ 20 ಅಂಕ ಹೊಡೀತಾನಾ ಅನ್ನೋದು ದೊಡ್ಡ ಪ್ರಶ್ನೆ ಅಲ್ಲ. ಹೊಡೆಯಬಹುದು. ಫಾಸ್ಟರ್, ಬ್ರೌನ್ ಥರದವರು ಕೊನೆಯ ನಿಮಿಷದಲ್ಲಿ ತಂಡ ಹಿಡಿದು ನಿಲ್ಲಿಸ್ತಾರಾ ಅನ್ನೋದು ಪ್ರಶ್ನೆ.

ಯಾವಾಗ, ಯಾರ ಜೊತೆ?

ನೆನಪಿಡಿ, ಅಲ್ಲಿ ರಾತ್ರಿ ನಡೆಯೋ ಪಂದ್ಯ ನಮಗೆ ಮರುದಿನ ಬೆಳಗ್ಗೆ. ಮುಖ್ಯ ಪಂದ್ಯಗಳು (ದಿನಾಂಕ ಅಮೆರಿಕದ್ದು):

ನವೆಂಬರ್ 4: ಟೆಕ್ಸಸ್ ವಿರುದ್ಧ, ಶಾರ್ಲೆಟ್‌ನಲ್ಲಿ
ನವೆಂಬರ್ 18: ಕ್ಯಾನ್ಸಸ್ ವಿರುದ್ಧ, ನ್ಯೂಯಾರ್ಕ್‌ನಲ್ಲಿ
ನವೆಂಬರ್ 27: ಆರ್ಕನ್ಸಾ ವಿರುದ್ಧ, ಷಿಕಾಗೊದಲ್ಲಿ
ಡಿಸೆಂಬರ್ 2: ಚಾಂಪಿಯನ್ ಫ್ಲೋರಿಡಾ ವಿರುದ್ಧ, ತವರು ಅಂಗಳದಲ್ಲಿ
ಡಿಸೆಂಬರ್ 6: ಮಿಷಿಗನ್ ಸ್ಟೇಟ್ ವಿರುದ್ಧ, ಅವರ ಅಂಗಳದಲ್ಲಿ
ಡಿಸೆಂಬರ್ 20: ಟೆಕ್ಸಸ್ ಟೆಕ್ ವಿರುದ್ಧ, ನ್ಯೂಯಾರ್ಕ್‌ನಲ್ಲಿ
ಫೆಬ್ರವರಿ 7 ಮತ್ತು ಮಾರ್ಚ್ 7: ನಾರ್ತ್ ಕೆರೊಲಿನಾ ವಿರುದ್ಧ
ಫೆಬ್ರವರಿ 21: ಮಿಷಿಗನ್ ವಿರುದ್ಧ, ವಾಷಿಂಗ್ಟನ್‌ನಲ್ಲಿ

ಡ್ಯೂಕ್ ಆಡೋ ಎಸಿಸಿ ಗುಂಪಿನಲ್ಲಿ 18 ಕಾಲೇಜುಗಳಿವೆ. ಗುಂಪಿನ ಪಂದ್ಯಗಳನ್ನು ಈ ವರ್ಷ 20ರಿಂದ 18ಕ್ಕೆ ಇಳಿಸಿದ್ದಾರೆ. ನಾರ್ತ್ ಕೆರೊಲಿನಾ ಜೊತೆಗಿನ ಪಂದ್ಯವನ್ನಂತೂ ತಪ್ಪಿಸಬೇಡಿ. ಎರಡು ಕ್ಯಾಂಪಸ್ ನಡುವೆ ದೂರ ಸುಮಾರು 16 ಕಿ.ಮೀ. ಅಷ್ಟೇ. ಪಕ್ಕದೂರಿನವರ ಜಿದ್ದು ಹೇಗಿರುತ್ತೆ ಅಂತ ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ನಮ್ಮವರಿಗೂ ಆ ದಾರಿ ಇದೆಯಾ?

ಇದೆ, ಕಷ್ಟ ಇದೆ. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಪಡೆದು ಇದೇ ಡಿವಿಷನ್ 1ರಲ್ಲಿ ಮಹಿಳಾ ತಂಡಕ್ಕೆ ಆಡಿದ್ದಾರೆ. ಭಾರತದಲ್ಲಿ ಎನ್‌ಬಿಎ ನಡೆಸಿದ ತರಬೇತಿ ಕಾರ್ಯಕ್ರಮದ ಮೂಲಕ ಹೋದವರು. ಕರ್ನಾಟಕದ ಹುಡುಗಿಯೊಬ್ಬಳು ಹೋಗಿ ಆಡಿ ಬಂದಿರೋದರಿಂದ ಇದು ಬರೀ ಟಿವಿಯಲ್ಲಿ ನೋಡೋ ಕನಸಲ್ಲ.

ಆದ್ರೆ ಹೋಗೋಕೆ ಎತ್ತರ, ಆಟ ಮಾತ್ರ ಸಾಲದು. ಹೈಸ್ಕೂಲ್ ಮತ್ತು ಪಿಯುಸಿ ಅಂಕಗಳನ್ನು ಎನ್‌ಸಿಎಎ ಪರಿಶೀಲಿಸುತ್ತೆ. ಇಂಗ್ಲಿಷ್ ಬೇಕು. ಪ್ರತಿ ಸೆಮಿಸ್ಟರ್ ಪಾಸಾಗ್ತಾ ಇರಬೇಕು, ಇಲ್ಲಾಂದ್ರೆ ಆಡೋ ಹಾಗಿಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ದುಡಿಮೆಗೆ ನಿರ್ಬಂಧ ಇರೋದರಿಂದ ಅಮೆರಿಕದ ಹುಡುಗರ ಥರ ಜಾಹೀರಾತಿನ ದುಡ್ಡು ಸುಲಭಕ್ಕೆ ಸಿಗಲ್ಲ. ಸಂಜೆ ತಾಲ್ಲೂಕು ಮೈದಾನದಲ್ಲಿ ಆಡೋ ಮಕ್ಕಳ ಅಪ್ಪ ಅಮ್ಮ ಇದನ್ನ ತಿಳ್ಕೊಂಡಿರೋದು ಒಳ್ಳೇದು.

ಇನ್ನೊಂದು ಮಾತು. ಒಂದೇ ವರ್ಷಕ್ಕೆ ಕಾಲೇಜು ಬಿಟ್ಟು ಕೋಟಿ ಎಣಿಸೋ ಫ್ಲ್ಯಾಗ್ ಕಥೆ ಕೇಳಿ ನಮ್ಮ ಹುಡುಗರು ಓದು ಬೇಡ ಅಂದುಕೊಳ್ಳಬಾರದು. ಪ್ರತಿ ವರ್ಷ ಎನ್‌ಬಿಎ ಡ್ರಾಫ್ಟ್‌ನಲ್ಲಿ ಇಡೀ ಪ್ರಪಂಚದಿಂದ ಆಯ್ಕೆಯಾಗೋದು 60 ಜನಕ್ಕಿಂತ ಹೆಚ್ಚಿಲ್ಲ. 360ಕ್ಕೂ ಹೆಚ್ಚು ಕಾಲೇಜುಗಳ ಸಾವಿರಾರು ಆಟಗಾರರಿಗೆ ಕೊನೆಗೆ ಕೈಯಲ್ಲಿ ಉಳಿಯೋದು ಡಿಗ್ರಿನೇ. ಡಿಗ್ರಿ ಅರ್ಧಕ್ಕೆ ಬಿಟ್ಟವನೇ ಇದನ್ನ ಬರೀತಾ ಇದ್ದೀನಿ, ಅನುಭವದ ಮಾತು ಅಂದುಕೊಳ್ಳಿ.

ಈ ಸೀಸನ್‌ನಲ್ಲಿ ಡ್ಯೂಕ್ ಪಂದ್ಯ ನೋಡಿದ್ರೆ ಕ್ಯಾಮರಾನ್ ಬೂಜರ್ ಮೇಲೆ ಕಣ್ಣು ಹೋಗೇ ಹೋಗುತ್ತೆ. ಒಂದೆರಡು ಸಲ ಕೇಲೆಬ್ ಫಾಸ್ಟರ್ ಕಡೆಗೂ ನೋಡಿ. ಜಾಗ ಕಳೆದುಕೊಂಡು, ಬೆಂಚಿನಲ್ಲಿ ಕೂತು, ಎಲ್ಲರೂ ಹೋದ ಮೇಲೂ ಉಳಿದ ಹುಡುಗ. ಮೊದಲ ಪಂದ್ಯ ನಮ್ಮ ಲೆಕ್ಕದಲ್ಲಿ ನವೆಂಬರ್ 5, ಬುಧವಾರ ಬೆಳಗ್ಗೆ.